ಪೇಟೆ ಬೀದಿಯಲ್ಲಿ ಗಾಡಿ ನಿಲ್ಲಿಸುವ ಜಾಗಕ್ಕೂ ಒಂದು ಬೆಲೆ ಇರಲಿ

ಸಂಜೆ ಆರೂವರೆ ಹೊತ್ತಿಗೆ ನಮ್ಮ ಶಿವಮೊಗ್ಗದ ನೆಹರೂ ರಸ್ತೆಗೆ ಬಂದರೆ ಗಾಡಿಗಳು ಒಂದರ ಹಿಂದೆ ಒಂದು ಅಂಟಿಕೊಂಡು ನಿಂತಿರುತ್ತವೆ. ಅಮೀರ್ ಅಹಮದ್ ವೃತ್ತದಿಂದ ಗೋಪಿ ವೃತ್ತ ಮುಟ್ಟುವುದಕ್ಕೆ ನಡೆದು ಹೋಗುವುದೇ ವಾಸಿ ಅನ್ನಿಸುತ್ತದೆ. ನೋಡಿದವರೆಲ್ಲ ಹೇಳುವ ಮಾತು ಒಂದೇ: ಗಾಡಿ ಜಾಸ್ತಿಯಾಗಿವೆ, ರಸ್ತೆ ಸಾಲದು. ಗಾಡಿ ಜಾಸ್ತಿಯಾಗಿರುವುದು ನಿಜ. ಆದರೆ ನಾನು ನಿಮ್ಮ ಮುಂದೆ ಇಡುವ ಪ್ರಶ್ನೆ ಬೇರೆ. ಆ ಸಾಲಿನಲ್ಲಿರುವ ಗಾಡಿಗಳಲ್ಲಿ ಎಷ್ಟು ಎಲ್ಲಿಗೋ ಹೋಗುತ್ತಿವೆ? ಎಷ್ಟು ಬರೀ ನಿಲ್ಲುವುದಕ್ಕೆ ಜಾಗ ಹುಡುಕುತ್ತಿವೆ?

ಒಂದು ಸಂಜೆ ಅಲ್ಲಿನ ಯಾವುದಾದರೂ ಅಂಗಡಿ ಮೆಟ್ಟಿಲ ಮೇಲೆ ನಿಂತು ನೋಡಿ. ಒಂದು ಕಾರು ನಿಧಾನಕ್ಕೆ ಬರುತ್ತದೆ. ಒಳಗಿರುವವರು ಎಡಕ್ಕೆ ಬಲಕ್ಕೆ ಕತ್ತು ತಿರುಗಿಸುತ್ತಿರುತ್ತಾರೆ. ಮುಂದೆ ಯಾರೋ ಒಬ್ಬರು ಬಟ್ಟೆ ಚೀಲ ಹಿಡಿದು ತಮ್ಮ ಕಾರಿನ ಕಡೆ ಹೋಗುತ್ತಿದ್ದಾರೆ. ಇವರು ಇಂಡಿಕೇಟರ್ ಹಾಕಿ ನಿಂತರು. ಅವರು ಚೀಲ ಇಟ್ಟು, ಮಕ್ಕಳನ್ನು ಹತ್ತಿಸಿ, ಫೋನ್ ನೋಡಿ, ಆಮೇಲೆ ಗಾಡಿ ಶುರು ಮಾಡಬೇಕು. ಅಷ್ಟರಲ್ಲಿ ಹಿಂದೆ ಆಟೋ, ಅದರ ಹಿಂದೆ ಹತ್ತು ಬೈಕು, ಅದರ ಹಿಂದೆ ಇನ್ನೊಂದು ಕಾರು. ಎಲ್ಲರೂ ಹಾರ್ನ್ ಹೊಡೆಯುತ್ತಾರೆ. ಹೊರಗಿನಿಂದ ನೋಡಿದವರಿಗೆ ಇದು ಟ್ರಾಫಿಕ್ ಜಾಮ್. ನಿಜವಾಗಿ ಇದು ಒಂದು ಕಾರು ನಿಲ್ಲುವ ಜಾಗಕ್ಕಾಗಿ ಹತ್ತು ಹದಿನೈದು ಗಾಡಿಗಳು ಕಾಯುತ್ತಿರುವುದು.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಡೊನಾಲ್ಡ್ ಶೂಪ್ ಅಂತ ಒಬ್ಬ ಪ್ರಾಧ್ಯಾಪಕರಿದ್ದರು. 2025ರಲ್ಲಿ ತೀರಿಕೊಂಡರು. ಬದುಕಿನ ಬಹುಪಾಲು ಈ ಒಂದೇ ವಿಷಯಕ್ಕೆ ಕೊಟ್ಟವರು. 1927ರಿಂದ 2001ರವರೆಗೆ ಬೇರೆ ಬೇರೆ ಊರುಗಳಲ್ಲಿ ನಡೆದ 16 ಅಧ್ಯಯನಗಳನ್ನು ಅವರು ಒಟ್ಟಿಗೆ ಇಟ್ಟು ನೋಡಿದರು. ಪೇಟೆ ನಡುವಿನ ದಟ್ಟಣೆಯಲ್ಲಿ ಸರಾಸರಿ ನೂರಕ್ಕೆ 30 ಗಾಡಿಗಳು ಜಾಗ ಹುಡುಕಿಕೊಂಡು ಸುತ್ತುವಂಥವು. ಒಂದೊಂದು ಗಾಡಿಗೆ ಜಾಗ ಸಿಗಲು ಸುಮಾರು 8 ನಿಮಿಷ. ಕೆಲವು ಕಡೆ ಈ ಪ್ರಮಾಣ ನೂರಕ್ಕೆ 8, ಕೆಲವು ಕಡೆ 74. ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಇವೆಲ್ಲ ಜಾಗ ಸಿಗದೆ ಒದ್ದಾಡುವ ಬೀದಿಗಳಲ್ಲೇ ಮಾಡಿದ ಅಧ್ಯಯನಗಳು. ಹಾಗಾಗಿ ಇಡೀ ಶಿವಮೊಗ್ಗದ ಟ್ರಾಫಿಕ್‌ನಲ್ಲಿ ನೂರಕ್ಕೆ 30 ಹೀಗೆ ಅಂತ ನಾನು ಹೇಳುವುದಿಲ್ಲ. ವಿನೋಬನಗರದ ನೂರಡಿ ರಸ್ತೆಯಲ್ಲಿ ಹೋಗುವ ಗಾಡಿ ಬಹುಪಾಲು ಎಲ್ಲಿಗೋ ಹೋಗುವಂಥದ್ದೇ. ನಾವು ಮಾತಾಡುತ್ತಿರುವುದು ನಾಲ್ಕೈದು ಪೇಟೆ ಬೀದಿಗಳ ವಿಷಯ.

ಅದೇ ಶೂಪ್ ಅವರು ತಮ್ಮ ವಿಶ್ವವಿದ್ಯಾಲಯದ ಪಕ್ಕದ ವೆಸ್ಟ್‌ವುಡ್ ಅನ್ನುವ ಪುಟ್ಟ ಪೇಟೆಯಲ್ಲಿ ಅಳತೆ ಮಾಡಿದರು. ಜಾಗ ಹುಡುಕಲು ಒಂದು ಗಾಡಿಗೆ ಸರಾಸರಿ 3.3 ನಿಮಿಷ ಮಾತ್ರ. ಅಷ್ಟೇನಾ ಅನ್ನಿಸುತ್ತದೆ. ಆದರೆ ದಿನವಿಡೀ ಬರುವ ಗಾಡಿ ಎಷ್ಟು, ವರ್ಷಕ್ಕೆ ಎಷ್ಟು ಅಂತ ಕೂಡಿಸಿದಾಗ ಆ ಸಣ್ಣ ಪೇಟೆಯೊಳಗೇ ವರ್ಷಕ್ಕೆ ಸುಮಾರು 15 ಲಕ್ಷ ಕಿಲೋಮೀಟರ್ ಬರೀ ಸುತ್ತಾಟ ಅಂತ ಬಂತು. ಅಷ್ಟು ಪೆಟ್ರೋಲ್ ಸುಟ್ಟು ಯಾರೂ ಎಲ್ಲಿಗೂ ಹೋಗಲಿಲ್ಲ. ಯಾಕೆ ಹಾಗೆ ಸುತ್ತುತ್ತಿದ್ದರು? ರಸ್ತೆ ಬದಿಯಲ್ಲಿ ನಿಲ್ಲಿಸಿದರೆ ಗಂಟೆಗೆ 50 ಸೆಂಟ್ ಅಂದರೆ ಅರ್ಧ ಡಾಲರ್, ಪಕ್ಕದ ಪಾರ್ಕಿಂಗ್ ಕಟ್ಟಡದಲ್ಲಿ ಒಂದು ಡಾಲರ್. ಅಂಗಡಿಗೆ ಹತ್ತಿರದ ಜಾಗ ಅಗ್ಗ, ದೂರದ್ದು ತುಟ್ಟಿ. ಜನ ತಪ್ಪು ಮಾಡುತ್ತಿರಲಿಲ್ಲ. ದರ ಹೇಳಿದ ಹಾಗೆ ಕೇಳುತ್ತಿದ್ದರು.

ನಮ್ಮೂರಿಗೆ ಬರೋಣ. ನಮ್ಮದು ಟೂ ವೀಲರ್ ಊರು. ಇಲ್ಲಿ ಬೈಕು ಸ್ಕೂಟರುಗಳು ಜಾಸ್ತಿ ಸುತ್ತುವುದಿಲ್ಲ, ಎಲ್ಲಿ ಬೇಕೋ ಅಲ್ಲಿ ತೂರಿ ನಿಲ್ಲುತ್ತವೆ. ಮೊದಲ ಸಾಲು ತುಂಬಿತು, ಅದರ ಹಿಂದೆ ಎರಡನೇ ಸಾಲು. ಒಂಬತ್ತು ಮೀಟರ್ ಅಗಲದ ರಸ್ತೆ ಅಂದುಕೊಳ್ಳಿ. ಎರಡೂ ಕಡೆ ಅಡ್ಡಡ್ಡ ನಿಂತ ಬೈಕುಗಳಿಗೆ ಎರಡೆರಡು ಮೀಟರ್ ಹೋಯಿತು. ಉಳಿದದ್ದು ಐದು. ಒಂದು ಕಡೆ ಎರಡನೇ ಸಾಲು ಬಂದರೆ ಉಳಿದದ್ದು ಮೂರು. ಆ ಮೂರು ಮೀಟರಿನಲ್ಲಿ ಒಂದು ಆಟೋ ಪ್ರಯಾಣಿಕರನ್ನು ಇಳಿಸಲು ನಿಂತರೆ ಮುಗಿಯಿತು, ಇಡೀ ಬೀದಿ ನಿಂತುಬಿಡುತ್ತದೆ. ಅಲ್ಲಿಗೆ ಬಂದು ರಸ್ತೆ ಅಗಲ ಮಾಡಬೇಕು ಅನ್ನುತ್ತೇವೆ. ಒಂಬತ್ತು ಮೀಟರ್ ರಸ್ತೆ ಈಗಾಗಲೇ ಇದೆಯಲ್ಲ. ಅದರಲ್ಲಿ ಆರು ಮೀಟರನ್ನು ನಿಂತ ಗಾಡಿಗೆ ಬಿಟ್ಟುಕೊಟ್ಟಿದ್ದೇವೆ.

ಈ ಸಭೆಯಲ್ಲಿ ವ್ಯಾಪಾರಸ್ಥರು ಜಾಸ್ತಿ ಇದ್ದೀರಿ. ಅದಕ್ಕೇ ಮುಂದಿನ ಮಾತನ್ನು ಬಿಡಿಸಿ ಹೇಳುತ್ತೇನೆ. ಈ ಬೀದಿಗಳಲ್ಲಿ ಬೆಳಗ್ಗೆ ಮೊದಲು ಬಂದು ಜಾಗ ಹಿಡಿಯುವ ಗಾಡಿ ಯಾರದ್ದು? ಗಿರಾಕಿಯದ್ದಲ್ಲ. ಅಂಗಡಿ ತೆರೆಯುವವರದ್ದು. ಮಾಲೀಕರ ಕಾರು, ಲೆಕ್ಕ ಬರೆಯುವವರ ಸ್ಕೂಟರ್, ಕೆಲಸದ ಹುಡುಗರ ಬೈಕುಗಳು, ಮೇಲಿನ ಮಹಡಿಯ ಕಚೇರಿಯವರ ಗಾಡಿಗಳು. ಹತ್ತು ಗಂಟೆಗೆ ಬಂದು ನಿಂತ ಕಾರು ರಾತ್ರಿ ಒಂಬತ್ತಕ್ಕೆ ಹೊರಡುತ್ತದೆ. ಹನ್ನೊಂದು ಗಂಟೆ. ಅದೇ ಜಾಗದಲ್ಲಿ ಒಬ್ಬೊಬ್ಬ ಗಿರಾಕಿ ಮುಕ್ಕಾಲು ಗಂಟೆ ನಿಂತು ಹೋದರೆ ಹದಿನಾಲ್ಕು ಸಂಸಾರ ನಿಮ್ಮ ಬೀದಿಗೆ ಬಂದು ಹೋಗಬಹುದಿತ್ತು. ಒಂದು ಕಾರಿನ ಜಾಗದಲ್ಲಿ ಐದಾರು ಬೈಕು ನಿಲ್ಲುತ್ತವೆ, ಬೈಕಿನಲ್ಲಿ ಬರುವವರ ಲೆಕ್ಕ ಇನ್ನೂ ಜಾಸ್ತಿ. ಹೀಗೆ ದಿನವಿಡೀ ನಿಂತ ನಾಲ್ಕು ಕಾರು ಅಂದರೆ ಐವತ್ತಕ್ಕೂ ಜಾಸ್ತಿ ಸಂಸಾರಕ್ಕೆ ಬಾಗಿಲು ಹಾಕಿದ ಲೆಕ್ಕ.

ಇದನ್ನು ನಂಬಬೇಡಿ, ಪರೀಕ್ಷೆ ಮಾಡಿ. ಕಾಲೇಜು ಹುಡುಗರು ನಾಲ್ಕು ಜನ ಸಾಕು. ಒಂದು ನೋಟ್‌ಬುಕ್, ಒಂದು ಪೆನ್ನು. ನೆಹರೂ ರಸ್ತೆಯ ಒಂದು ಬದಿ ಹಿಡಿದು ಅರ್ಧ ಗಂಟೆಗೊಮ್ಮೆ ನಡೆಯುತ್ತಾ ಹೋಗುವುದು, ನಿಂತ ಪ್ರತಿ ಗಾಡಿಯ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳುವುದು. ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ. ಒಂದೇ ನಂಬರ್ ಎಷ್ಟು ಸಲ ಬಂತು ಅಂತ ನೋಡಿದರೆ ಯಾವ ಗಾಡಿ ಎಷ್ಟು ಹೊತ್ತು ನಿಂತಿತ್ತು ಅನ್ನುವುದು ಸಿಗುತ್ತದೆ. ಎಷ್ಟು ಜಾಗ ಖಾಲಿ ಇತ್ತು ಅಂತ ಪಕ್ಕದಲ್ಲಿ ಬರೆದರೆ ತುಂಬುವ ಹೊತ್ತು ಯಾವುದು ಅಂತಲೂ ಗೊತ್ತಾಗುತ್ತದೆ. ಲಕ್ಷಗಟ್ಟಲೆ ಖರ್ಚಿನ ವರದಿ ಬೇಕಿಲ್ಲ.

ಗಾಡಿ ನಿಲ್ಲಿಸಲು ದುಡ್ಡು ಅನ್ನುವ ಯೋಚನೆ ಎಲ್ಲಿ ಹುಟ್ಟಿತು ಅಂತ ತಿಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಸರ್ಕಾರದ ಖಜಾನೆಯಲ್ಲಿ ಅಲ್ಲ. ವ್ಯಾಪಾರಸ್ಥರ ಸಂಘದಲ್ಲಿ. ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ 1930ರ ದಶಕದಲ್ಲಿ ಇದೇ ಗೋಳು. ಪೇಟೆಯಲ್ಲಿ ಕೆಲಸ ಮಾಡುವವರೇ ಬೆಳಗ್ಗೆ ಬಂದು ಜಾಗ ಹಿಡಿದುಬಿಡುತ್ತಿದ್ದರು, ಗಿರಾಕಿ ವಾಪಸ್ ಹೋಗುತ್ತಿದ್ದ. ಅಲ್ಲಿನ ವಾಣಿಜ್ಯ ಮಂಡಳಿ ಒಂದು ಟ್ರಾಫಿಕ್ ಸಮಿತಿ ಮಾಡಿತು. ಅದರಲ್ಲಿದ್ದ ಕಾರ್ಲ್ ಮಗೀ ಅನ್ನುವ ಪತ್ರಿಕಾ ಸಂಪಾದಕರು ನಾಣ್ಯ ಹಾಕಿದಷ್ಟು ಹೊತ್ತು ಗಾಡಿ ನಿಲ್ಲಿಸಲು ಬಿಡುವ ಮೀಟರಿನ ಯೋಚನೆ ಮಾಡಿದರು. 1935ರ ಜುಲೈ 16ರಂದು ಜಗತ್ತಿನ ಮೊದಲ ಪಾರ್ಕಿಂಗ್ ಮೀಟರ್ ಆ ಊರಿನಲ್ಲಿ ನಿಂತಿತು. ಗಂಟೆಗೆ ಐದು ಸೆಂಟ್. ಉದ್ದೇಶ ದುಡ್ಡು ಎತ್ತುವುದಲ್ಲ, ಗಿರಾಕಿಗೆ ಜಾಗ ಖಾಲಿ ಮಾಡುವುದು.

ಹಾಗಾದರೆ ಎಷ್ಟು ದರ ಇಡಬೇಕು? ಎಲ್ಲರೂ ಮೊದಲು ಕೇಳುವುದು ಇದನ್ನೇ. ಹತ್ತಾ, ಇಪ್ಪತ್ತಾ, ಐವತ್ತಾ? ಕೂತು ಊಹೆ ಮಾಡಿ ಹೇಳುವಂಥದ್ದಲ್ಲ ಇದು. ಬೀದಿ ತಾನೇ ಹೇಳುತ್ತದೆ. ನೂರು ಜಾಗ ಇದ್ದರೆ ಸುಮಾರು 85 ತುಂಬಿರಬೇಕು, 15 ಖಾಲಿ ಇರಬೇಕು. ಅಂದರೆ ಏಳೆಂಟು ಜಾಗಕ್ಕೆ ಒಂದು ಖಾಲಿ. ಬಂದವರಿಗೆ ಕೂಡಲೇ ಸಿಗುತ್ತದೆ, ಯಾರೂ ಸುತ್ತಬೇಕಿಲ್ಲ, ಎರಡನೇ ಸಾಲಿನಲ್ಲಿ ನಿಲ್ಲಿಸಬೇಕಿಲ್ಲ. ಪೂರ್ತಿ ತುಂಬಿ ಸುತ್ತಾಟ ನಡೆದಿದೆ ಅಂದರೆ ದರ ಕಡಿಮೆ ಆಯಿತು, ಸ್ವಲ್ಪ ಏರಿಸಿ. ಅರ್ಧಕ್ಕರ್ಧ ಖಾಲಿ ಹೊಡೆಯುತ್ತಿದೆ ಅಂದರೆ ದರ ಜಾಸ್ತಿ ಆಯಿತು, ಇಳಿಸಿ. ಬೆಳಗ್ಗೆ ಖಾಲಿ ಇದ್ದರೆ ಬೆಳಗ್ಗೆ ಪುಕ್ಕಟೆ ಬಿಡಿ. ಭಾನುವಾರ ಖಾಲಿ ಇದ್ದರೆ ಭಾನುವಾರ ಪುಕ್ಕಟೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2011ರಿಂದ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದರು. ಏಳು ಪ್ರದೇಶ, ಸುಮಾರು ಏಳು ಸಾವಿರ ಜಾಗ. ಬೀದಿಯ ಒಂದೊಂದು ತುಂಡಿಗೂ ಬೇರೆ ದರ, ದಿನದ ಒಂದೊಂದು ಹೊತ್ತಿಗೂ ಬೇರೆ ದರ. ಕೆಲವು ವಾರಕ್ಕೊಮ್ಮೆ ನೋಡಿ 25 ಸೆಂಟ್ ಏರಿಸುವುದು, ಇಲ್ಲವೇ 25 ಅಥವಾ 50 ಸೆಂಟ್ ಇಳಿಸುವುದು. ಜನ ಇದು ಸುಲಿಗೆ ಅಂದುಕೊಂಡಿದ್ದರು. ಎರಡು ವರ್ಷ ಕಳೆದ ಮೇಲೆ ಲೆಕ್ಕ ನೋಡಿದರೆ ಮೀಟರಿನ ಸರಾಸರಿ ದರ ಗಂಟೆಗೆ 11 ಸೆಂಟ್ ಇಳಿದಿತ್ತು. ಯಾಕೆಂದರೆ ತುಂಬುವ ಬೀದಿಗಳಿಗಿಂತ ಖಾಲಿ ಬೀದಿಗಳು ಜಾಸ್ತಿ ಇದ್ದವು. ಜಾಗ ಹುಡುಕುವ ಹೊತ್ತು ನೂರಕ್ಕೆ 43ರಷ್ಟು ಕಡಿಮೆಯಾಯಿತು. ಸುತ್ತಾಟದ ದೂರ ನೂರಕ್ಕೆ 30ರಷ್ಟು ಕಡಿಮೆಯಾಯಿತು. ಅವರು ರಸ್ತೆಯೊಳಗೆ ಸೆನ್ಸರ್ ಹೂತಿದ್ದರು. ನಮಗೆ ಅದು ಬೇಡ. ನಾನು ಆಗಲೇ ಹೇಳಿದ ನೋಟ್‌ಬುಕ್ ಲೆಕ್ಕವೇ ಸಾಕು.

ಇದರಲ್ಲಿ ನನಗೆ ಬಹಳ ಇಷ್ಟವಾಗುವ ಸಂಗತಿ ಅಕ್ಕಪಕ್ಕದ ಬೀದಿಗಳದ್ದು. ನಮ್ಮ ದುರ್ಗಿಗುಡಿ, ನೆಹರೂ ರಸ್ತೆ ಕಡೆ ಕಟ್ಟಡಗಳ ಹಿಂದೆ ಕಸ ಸಾಗಿಸಲು ಬಿಟ್ಟಿದ್ದ ಹಳೇ ಕನ್ಸರ್ವೆನ್ಸಿ ಗಲ್ಲಿಗಳಿವೆಯಲ್ಲ, ಒಂದು ಕಾಲದಲ್ಲಿ ಮೂಗು ಮುಚ್ಚಿಕೊಂಡು ಹೋಗಬೇಕಿತ್ತು. ಸ್ಮಾರ್ಟ್ ಸಿಟಿ ಕೆಲಸದಲ್ಲಿ ಕೆಲವಕ್ಕೆ ಕಲ್ಲು ಹಾಸಿ ಚೊಕ್ಕ ಮಾಡಿದರು. ಅಲ್ಲಿಂದ ಅಂಗಡಿ ಬಾಗಿಲಿಗೆ ಎರಡು ನಿಮಿಷದ ನಡಿಗೆ. ಮುಂದಿನ ರಸ್ತೆಗೆ ದರ ಇಟ್ಟು, ಹಿಂದಿನ ಜಾಗ ಪುಕ್ಕಟೆ ಬಿಟ್ಟರೆ ಏನಾಗುತ್ತದೆ? ದಿನವಿಡೀ ನಿಲ್ಲುವವರು ತಾವಾಗಿಯೇ ಹಿಂದಕ್ಕೆ ಹೋಗುತ್ತಾರೆ. ಹನ್ನೊಂದು ಗಂಟೆ ಕಾಲದ ದುಡ್ಡು ಯಾರು ಕಟ್ಟುತ್ತಾರೆ? ಔಷಧಿ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಹೊರಡುವವರು, ಕಾಲು ನೋವಿನ ಅಜ್ಜಿಯನ್ನು ಕರೆತಂದವರು ಮುಂದೆ ನಿಲ್ಲಿಸುತ್ತಾರೆ. ಪೊಲೀಸರು ಯಾರನ್ನೂ ಓಡಿಸಬೇಕಿಲ್ಲ, ಯಾರ ಜೊತೆಗೂ ಜಗಳ ಆಡಬೇಕಿಲ್ಲ.

ಬಹುಮಹಡಿ ಪಾರ್ಕಿಂಗ್ ಕಟ್ಟಡಗಳ ವಿಷಯವೂ ಇದೇ. ಕೋಟಿಗಟ್ಟಲೆ ಹಾಕಿ ಕಟ್ಟುತ್ತೇವೆ, ಆಮೇಲೆ ಅದು ಖಾಲಿ ಹೊಡೆಯುತ್ತದೆ ಅಂತ ಕೊರಗುತ್ತೇವೆ. ಕಟ್ಟಡದೊಳಗೆ ಒಂದು ಕಾರು ನಿಲ್ಲಿಸಲು, ಓಡಾಡುವ ದಾರಿ, ಏರುದಾರಿ ಎಲ್ಲ ಸೇರಿ ಸುಮಾರು 30 ಚದರ ಮೀಟರ್ ಬೇಕು. ಚದರ ಅಡಿಯಲ್ಲಿ ಹೇಳಿದರೆ ಮುನ್ನೂರಕ್ಕೂ ಮೇಲೆ. ನಮ್ಮಲ್ಲಿ ಎಷ್ಟೋ ಬಡ ಸಂಸಾರಗಳು ಅದಕ್ಕಿಂತ ಚಿಕ್ಕ ಮನೆಯಲ್ಲಿ ಬಾಳುತ್ತಿವೆ. ಅಷ್ಟು ಖರ್ಚು ಮಾಡಿ ಕಟ್ಟಿದ ಜಾಗಕ್ಕೆ ದುಡ್ಡು ಕೇಳಿ, ಅದರ ಎದುರಿನ ರಸ್ತೆಯಲ್ಲಿ ಪುಕ್ಕಟೆ ಬಿಟ್ಟರೆ ಯಾರು ಒಳಗೆ ಹೋಗುತ್ತಾರೆ ಹೇಳಿ. ಎದುರಿನ ರಸ್ತೆಯ ದರ ಯಾವಾಗಲೂ ಕಟ್ಟಡದ ದರಕ್ಕಿಂತ ಜಾಸ್ತಿ ಇರಬೇಕು. ಈ ಒಂದು ಕೆಲಸ ಮಾಡದೆ ಇನ್ನು ಹತ್ತು ಕಟ್ಟಡ ಕಟ್ಟಿದರೂ ಪ್ರಯೋಜನ ಇಲ್ಲ.

ಇನ್ನು ನಿಮ್ಮ ಮನಸ್ಸಿನಲ್ಲಿರುವ ಹೆದರಿಕೆ. ದುಡ್ಡು ಕೇಳಿದರೆ ಗಿರಾಕಿ ಬರುವುದಿಲ್ಲ, ಹೊರವಲಯದ ದೊಡ್ಡ ಅಂಗಡಿಗಳಿಗೆ ಹೋಗುತ್ತಾರೆ ಅಂತ. ಇದು ಸಣ್ಣ ಹೆದರಿಕೆಯಲ್ಲ, ಜೀವನದ ಪ್ರಶ್ನೆ, ಗೊತ್ತು. ಆದರೆ ನಿಮ್ಮ ಗಿರಾಕಿ ಯಾರು ಅಂತ ನೆನಪು ಮಾಡಿಕೊಳ್ಳಿ. ತೀರ್ಥಹಳ್ಳಿ ಕಡೆಯಿಂದ, ಹೊಸನಗರದಿಂದ ಮದುವೆ ಜವಳಿಗೆ ಅಂತ ಒಂದು ಸಂಸಾರ ಬರುತ್ತದೆ. ಅಡಿಕೆ ಮಂಡಿಯಲ್ಲಿ ಲೆಕ್ಕ ಮುಗಿಸಿಕೊಂಡು ಕಾರಿನಲ್ಲಿ ಪೇಟೆಗೆ ಬಂದಿದ್ದಾರೆ. ನಲವತ್ತು ಐವತ್ತು ಸಾವಿರದ ಸೀರೆ ತೆಗೆಯುವ ಇರಾದೆ. ಅವರನ್ನು ತಡೆಯುವುದು ಇಪ್ಪತ್ತು ರೂಪಾಯಿಯಾ, ಅಥವಾ ಬಿಸಿಲಿನಲ್ಲಿ ಅರ್ಧ ಗಂಟೆ ಸುತ್ತಿದರೂ ಜಾಗ ಸಿಗದೇ ಇರುವುದಾ? ಮುಂದಿನ ಸಲ ದಾವಣಗೆರೆಗೆ ಹೋಗೋಣ ಅಂತ ಅವರು ಅಂದುಕೊಳ್ಳುವುದು ಯಾವ ಕಾರಣಕ್ಕೆ? ಜಾಗ ಗ್ಯಾರಂಟಿ ಸಿಗುತ್ತದೆ ಅನ್ನುವ ಬೀದಿಗೆ ಜನ ಬರುತ್ತಾರೆ.

ಇಲ್ಲಿ ದುಡ್ಡಿನ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮ ಜನಕ್ಕೆ ಪಾರ್ಕಿಂಗ್ ದರ ಅಂದ ತಕ್ಷಣ ಕಣ್ಣಿಗೆ ಬರುವುದು ಕೊರಳಿಗೆ ಚೀಲ ಹಾಕಿಕೊಂಡು, ಚೀಟಿ ಕೊಡದೆ, ಬರೆದ ದರಕ್ಕಿಂತ ಜಾಸ್ತಿ ಕೇಳುವ ಒಬ್ಬ ಮನುಷ್ಯ. ಆ ಮನುಷ್ಯನ ತಪ್ಪು ಕಡಿಮೆ. ತಪ್ಪು ಗುತ್ತಿಗೆಯಲ್ಲಿದೆ. ವರ್ಷಕ್ಕೆ ಇಂತಿಷ್ಟು ಅಂತ ಹರಾಜು ಹಾಕಿ ಬೀದಿಯನ್ನು ಗುತ್ತಿಗೆದಾರರಿಗೆ ಕೊಟ್ಟರೆ, ಅವರಿಗೆ ಬೇಕಾಗಿರುವುದು ಆದಷ್ಟು ಜಾಸ್ತಿ ಗಾಡಿ. ಬೀದಿ ಕಿಕ್ಕಿರಿದಷ್ಟೂ ಅವರಿಗೆ ಲಾಭ. ನಮಗೆ ಬೇಕಾಗಿರುವುದು ಏಳೆಂಟಕ್ಕೊಂದು ಖಾಲಿ ಜಾಗ. ಎರಡೂ ತದ್ವಿರುದ್ಧ. ಹಾಗಾಗಿ ಗುತ್ತಿಗೆದಾರರಿಗೆ ದುಡ್ಡಿನ ಪಾಲು ಕೊಡುವ ಪದ್ಧತಿ ಈ ಕೆಲಸಕ್ಕೆ ಆಗುವುದಿಲ್ಲ. ಕಾಯುವವರಿಗೆ ತಿಂಗಳ ಸಂಬಳ ಕೊಡಿ. ದುಡ್ಡು ಯುಪಿಐ ಮೂಲಕ ನೇರ ಪಾಲಿಕೆಯ ಒಂದು ಪ್ರತ್ಯೇಕ ಖಾತೆಗೆ ಹೋಗಲಿ. ತರಕಾರಿ ಮಾರುವ ಅಮ್ಮನ ಹತ್ತಿರವೂ ಈಗ ಕ್ಯೂಆರ್ ಕೋಡ್ ಇದೆ, ಇದೇನೂ ಕಷ್ಟದ್ದಲ್ಲ. ಆ ಖಾತೆಯಲ್ಲಿ ಎಷ್ಟಿದೆ ಅನ್ನುವುದನ್ನು ತಿಂಗಳಿಗೊಮ್ಮೆ ಅದೇ ಬೀದಿಯಲ್ಲಿ ಬೋರ್ಡ್ ಹಾಕಿ ಬರೆಯಲಿ.

ಮತ್ತೆ ಆ ದುಡ್ಡು ಅದೇ ಬೀದಿಗೆ ಖರ್ಚಾಗಬೇಕು. ಇದು ಎಲ್ಲಕ್ಕಿಂತ ಮುಖ್ಯ. ಕ್ಯಾಲಿಫೋರ್ನಿಯಾದಲ್ಲಿ ಪ್ಯಾಸಡೀನಾ ಅಂತ ಊರಿದೆ. ಅದರ ಹಳೇ ಪೇಟೆ ಹಾಳು ಬಿದ್ದಿತ್ತು. 1993ರಲ್ಲಿ ಮೀಟರ್ ಹಾಕಲು ಹೊರಟಾಗ ವ್ಯಾಪಾರಸ್ಥರು ನಿಮ್ಮ ಹಾಗೆಯೇ ವಿರೋಧಿಸಿದರು. ಮೀಟರಿನ ದುಡ್ಡು ಈ ಪೇಟೆಗೇ ಖರ್ಚು ಮಾಡುತ್ತೇವೆ ಅಂತ ಊರಾಡಳಿತ ಮಾತು ಕೊಟ್ಟ ಮೇಲೆ ಅವರೇ ಒಪ್ಪಿದರು. ಫುಟ್‌ಪಾತ್, ದೀಪ, ಮರ, ದಿನಾ ಕಸ ಗುಡಿಸುವುದು ಎಲ್ಲ ಆ ದುಡ್ಡಿನಿಂದ ಆಯಿತು. ಆ ಪೇಟೆ ಮತ್ತೆ ತಲೆ ಎತ್ತಿತು. ನಮ್ಮ ಪಕ್ಕದ ರಾಜ್ಯದ ಪುಣೆಯಲ್ಲಿ 2018ರಲ್ಲಿ ಪಾಲಿಕೆ ಒಂದು ಪಾರ್ಕಿಂಗ್ ನೀತಿ ಒಪ್ಪಿತು. ದೊಡ್ಡ ವಿರೋಧ ಬಂತು. ಕೆಲವೇ ರಸ್ತೆಗೆ ಸಾಕು ಅಂದರು, ಅದೂ ನಿಂತುಹೋಯಿತು. ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದು ಕಣ್ಣಿಗೆ ಕಾಣದಿದ್ದರೆ ಯಾವ ಊರಿನ ಜನವೂ ಇದನ್ನು ಒಪ್ಪುವುದಿಲ್ಲ ಅಂತ ನನ್ನ ಅಭಿಪ್ರಾಯ. ನಮ್ಮ ಬೀದಿಗಳಲ್ಲಿ ಮೊದಲು ಬೇಕಾದದ್ದು ಏನು? ಪೇಟೆಗೆ ಬಂದ ಹೆಂಗಸರಿಗೆ ಒಂದು ಚೊಕ್ಕ ಶೌಚಾಲಯ. ಅದನ್ನೇ ಮೊದಲು ಮಾಡಿ ತೋರಿಸಿದರೆ ಅರ್ಧ ವಿರೋಧ ಹೋಗುತ್ತದೆ.

ಇನ್ನೊಂದು ಆಕ್ಷೇಪ, ಇದು ಬಡವರ ಮೇಲೆ ಬರೆ ಅನ್ನುವುದು. ಇದನ್ನು ಹೇಳುವವರ ಕಾಳಜಿ ದೊಡ್ಡದು. ಆದರೆ ಈ ಹೊತ್ತು ನಡೆಯುತ್ತಿರುವುದನ್ನು ನೋಡಿ. ಗೋಪಾಳದಿಂದಲೋ ಆಲ್ಕೊಳದಿಂದಲೋ ಪೇಟೆಗೆ ಅಂಗಡಿ ಕೆಲಸಕ್ಕೆ ಬರುವ ಹೆಣ್ಣುಮಗಳು ಸಿಟಿ ಬಸ್ಸಿನಲ್ಲಿ ಬರುತ್ತಾಳೆ. ನಮ್ಮೂರಿನ ಸಿಟಿ ಬಸ್ಸು ಬಹುಪಾಲು ಖಾಸಗಿಯದ್ದು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ಹಾಗಾಗಿ ಆಕೆ ದಿನಾ ಎರಡು ಸಲ ಟಿಕೆಟ್ ತೆಗೆಯುತ್ತಾಳೆ. ಅವಳ ಬಸ್ಸು ಎರಡನೇ ಸಾಲಿನಲ್ಲಿ ನಿಂತ ಗಾಡಿಗಳ ಹಿಂದೆ ಸಿಕ್ಕಿಕೊಳ್ಳುತ್ತದೆ. ಅವಳಿಗೆ ತಡವಾಗುತ್ತದೆ, ಬೈಸಿಕೊಳ್ಳುತ್ತಾಳೆ. ಹತ್ತು ಲಕ್ಷದ ಕಾರು ಅದೇ ರಸ್ತೆಯಲ್ಲಿ ಹನ್ನೊಂದು ಗಂಟೆ ಒಂದು ಪೈಸೆ ಕೊಡದೆ ನಿಂತಿರುತ್ತದೆ. ಒಂದು ಕಾರು ಹಿಡಿಯುವ ಜಾಗ ಸುಮಾರು 130 ಚದರ ಅಡಿ. ಇಲ್ಲೇ ಅಷ್ಟೇ ಜಾಗದ ಪುಟ್ಟ ಮಳಿಗೆಗೆ ಬಾಡಿಗೆ ಎಷ್ಟು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ಜಾಗ ಊರಿನ ಎಲ್ಲರದ್ದು, ಬಸ್ಸಿನಲ್ಲಿ ಬರುವ ಆ ಹೆಣ್ಣುಮಗಳದ್ದೂ ಹೌದು. ಪುಕ್ಕಟೆ ಕೊಡುವುದಾದರೆ ಅವಳಿಗೆ ಏನು ಕೊಟ್ಟಿದ್ದೇವೆ?

ಕೇಂದ್ರ ಸರ್ಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಇದನ್ನೇ ಹೇಳುತ್ತದೆ. ಪಾರ್ಕಿಂಗ್ ದರ ಆ ನೆಲದ ನಿಜವಾದ ಬೆಲೆಗೆ ತಕ್ಕಂತೆ ಇರಬೇಕು, ಅದನ್ನು ಸಾರ್ವಜನಿಕ ಸಾರಿಗೆಯ ಕಡೆ ಜನರನ್ನು ಸೆಳೆಯಲು ಬಳಸಬೇಕು ಅಂತ. ಬೆಂಗಳೂರಿಗೂ ರಾಜ್ಯ ಸರ್ಕಾರ ಒಂದು ಪಾರ್ಕಿಂಗ್ ನೀತಿ ಮಾಡಿದೆ. ಕಾಗದದ ಮೇಲೆ ಕೊರತೆ ಇಲ್ಲ. ನನ್ನ ಲೆಕ್ಕದಲ್ಲಿ ಟೂ ವೀಲರ್‌ಗೆ ಕಾರಿನ ಐದನೇ ಒಂದು ಭಾಗ ದರ ಸಾಕು, ಅದು ಹಿಡಿಯುವ ಜಾಗವೂ ಅಷ್ಟೇ. ಅಂಗವಿಕಲರ ಗಾಡಿಗೆ ಪುಕ್ಕಟೆ, ಅದೂ ಬಾಗಿಲ ಹತ್ತಿರ ಮೀಸಲು ಜಾಗ. ಸೈಕಲ್ಲಿಗೆ ಪುಕ್ಕಟೆ. ಬಸ್ ನಿಲ್ಲುವ ಕಡೆ, ಆಟೋ ನಿಲ್ಲುವ ಕಡೆ ಬೇರೆ ಯಾವ ಗಾಡಿಗೂ ಜಾಗ ಇಲ್ಲ, ದುಡ್ಡು ಕೊಟ್ಟರೂ ಇಲ್ಲ.

ಒಂದು ಸಣ್ಣ ವಿಷಯ ಇಲ್ಲೇ ಸೇರಿಸುತ್ತೇನೆ. ಎಷ್ಟೋ ಅಂಗಡಿಗಳ ಮುಂದೆ ಪೇಂಟ್ ಡಬ್ಬಕ್ಕೆ ಸಿಮೆಂಟ್ ತುಂಬಿ, ನಡುವೆ ಪೈಪ್ ನೆಟ್ಟು, ಹಗ್ಗ ಕಟ್ಟಿರುತ್ತಾರೆ. ನಮ್ಮ ಗಿರಾಕಿಗೆ ಮಾತ್ರ ಅಂತ ಬೋರ್ಡು. ಆ ಡಬ್ಬ ಇಟ್ಟವರ ಸಂಕಟ ಅರ್ಥ ಆಗುತ್ತದೆ, ಬೇರೆಯವರ ಗಾಡಿ ದಿನವಿಡೀ ಬಾಗಿಲಿಗೆ ಅಡ್ಡ ನಿಂತಿದ್ದರೆ ಇನ್ನೇನು ಮಾಡುತ್ತಾರೆ? ಆದರೆ ಆ ಡಬ್ಬ ದಿನದ ಬಹುಪಾಲು ಬರೀ ಗಾಳಿಯನ್ನು ಕಾಯುತ್ತಿರುತ್ತದೆ. ದರ ಬಂದ ದಿನ ಆ ಡಬ್ಬಗಳು ಹೋಗಬೇಕು. ರಸ್ತೆಯಲ್ಲಿ ಜಾಗ ಕಾದಿರಿಸುವ ಹಕ್ಕು ಯಾರಿಗೂ ಇಲ್ಲ. ಹಾಗೆಯೇ ಕಟ್ಟಡದ ನಕ್ಷೆಯಲ್ಲಿ ಪಾರ್ಕಿಂಗ್ ಅಂತ ತೋರಿಸಿ ಗೋದಾಮು ಮಾಡಿಕೊಂಡ ಸೆಲ್ಲಾರ್‌ಗಳು ತೆರೆಯಬೇಕು. ನಿಮ್ಮ ಕೆಲಸದವರ ಬೈಕು ನಿಲ್ಲಬೇಕಾದದ್ದು ಅಲ್ಲಿ.

ಬೆಟ್ಟದ ಕಡೆಗೂ ಒಮ್ಮೆ ನೋಡಿ. ನಮ್ಮ ಮಲೆನಾಡಿನಲ್ಲಿ ರಜಾ ದಿನದ ಟ್ರಾಫಿಕ್ ಜಾಮ್ ಬಹುಪಾಲು ಪಾರ್ಕಿಂಗ್‌ನಿಂದಲೇ ಹುಟ್ಟುತ್ತದೆ. ಆಗುಂಬೆಯ ಸೂರ್ಯಾಸ್ತದ ಜಾಗ ಇರಲಿ, ಮಳೆಗಾಲದ ಜೋಗ ಇರಲಿ, ರಸ್ತೆ ತಿರುವಿನಲ್ಲಿ ಗಾಡಿ ನಿಲ್ಲಿಸಿ ಇಳಿದುಬಿಡುತ್ತಾರೆ. ಘಾಟಿಯಲ್ಲಿ ಆಂಬುಲೆನ್ಸ್ ಸಿಕ್ಕಿಕೊಂಡರೆ ಯಾರ ಗತಿ ಏನು? ಮಣಿಪಾಲಕ್ಕೆ ರೋಗಿಯನ್ನು ಒಯ್ಯುವವರು ಇದೇ ಆಗುಂಬೆ ಘಾಟಿ ಇಳಿಯಬೇಕು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ರಾಜ್ಯದ ಅತಿ ಎತ್ತರದ ಶಿಖರ. ಅದರ ತುದಿಯ ರಸ್ತೆ ಎದುರುಬದುರು ಎರಡು ಕಾರು ಬಂದರೆ ಕಷ್ಟ ಅನ್ನುವಷ್ಟು ಕಿರಿದು. ಅಲ್ಲಿ ರಸ್ತೆ ಅಗಲ ಮಾಡಲು ಹೋದರೆ ಗುಡ್ಡ ಕುಸಿಯುತ್ತದೆ. ಅದಕ್ಕೇ ಅಲ್ಲಿನ ಜಿಲ್ಲಾಡಳಿತ 2025ರಲ್ಲಿ ದಿನಕ್ಕೆ ಇಂತಿಷ್ಟೇ ಗಾಡಿ, ಮೊದಲೇ ಆನ್‌ಲೈನ್ ಬುಕ್ ಮಾಡಬೇಕು ಅನ್ನುವ ಕ್ರಮ ತಂದಿತು. ಅದು ಸರಿಯಾದ ದಾರಿ. ಬೆಟ್ಟದ ಮೇಲೆ ಎಷ್ಟು ಗಾಡಿ ನಿಲ್ಲಬಹುದೋ ಅಷ್ಟೇ ಮೇಲೆ ಹೋಗಬೇಕು. ಉಳಿದವರಿಗೆ ಕೆಳಗೆ ನಿಲ್ಲಿಸಿ ಹೋಗಲು ಮಿನಿ ಬಸ್ಸು. ಜೋಗಕ್ಕೂ ದೀರ್ಘ ರಜೆಗಳಲ್ಲಿ ಇದು ಬೇಕಾಗುತ್ತದೆ.

ಪೇಟೆಗೆ ವಾಪಸ್ ಬರುತ್ತೇನೆ. ನಾನು ಕೇಳುತ್ತಿರುವುದು ಇಡೀ ಊರಿಗೆ ದರ ಹಾಕಿ ಅಂತಲ್ಲ. ನೆಹರೂ ರಸ್ತೆ ಒಂದರಲ್ಲಿ, ಮೂರು ತಿಂಗಳು, ಪ್ರಯೋಗ. ಬೆಳಗ್ಗೆ ಹತ್ತೂವರೆಯಿಂದ ಒಂದೂವರೆ, ಸಂಜೆ ಐದರಿಂದ ಎಂಟೂವರೆ ಮಾತ್ರ ದರ. ಮೊದಲ ಹತ್ತು ನಿಮಿಷ ಯಾರಿಗೂ ಇಲ್ಲ, ಬಿಟ್ಟು ಹೋಗುವವರು, ಪೊಟ್ಟಣ ತೆಗೆದುಕೊಳ್ಳುವವರು ಇರುತ್ತಾರೆ. ಸಾಮಾನು ಇಳಿಸುವ ಲಾರಿ, ಗೂಡ್ಸ್ ಆಟೋ ಬೆಳಗ್ಗೆ ಹತ್ತರೊಳಗೆ ಕೆಲಸ ಮುಗಿಸಬೇಕು. ಕಾರಿಗೆ ಗಂಟೆಗೆ 20 ರೂಪಾಯಿಯಿಂದ, ಬೈಕಿಗೆ 4 ರೂಪಾಯಿಯಿಂದ ಶುರು ಮಾಡೋಣ. ಅದು ಶುರುವಿನ ದರ ಅಷ್ಟೇ. ತಿಂಗಳಿಗೊಮ್ಮೆ ಎಣಿಸಿ ಬದಲಾಯಿಸುವುದು. ರಸ್ತೆಯ ಮೇಲೆ ಬಿಳಿ ಗೆರೆ ಎಳೆದು ಕಾರಿನ ಜಾಗ, ಬೈಕಿನ ಜಾಗ ಗುರುತು ಮಾಡಬೇಕು. ಗೆರೆಯ ಹೊರಗೆ ನಿಂತದ್ದಕ್ಕೆ ದಂಡ. ಎರಡನೇ ಸಾಲಿನಲ್ಲಿ ನಿಂತದ್ದನ್ನು ಎತ್ತಿಕೊಂಡು ಹೋಗುವುದು. ಮೋಟಾರು ವಾಹನ ಕಾಯ್ದೆ 1988ರ 117ನೇ ಸೆಕ್ಷನ್ ನಿಲ್ಲಿಸುವ ಜಾಗ ಗೊತ್ತು ಮಾಡುವ ಅಧಿಕಾರ ಕೊಡುತ್ತದೆ, 127ನೇ ಸೆಕ್ಷನ್ ಅಡ್ಡ ನಿಂತ ಗಾಡಿ ಎತ್ತಿಸುವ ಅಧಿಕಾರ ಕೊಡುತ್ತದೆ. ಹೊಸ ಕಾನೂನು ಬೇಕಾಗಿಲ್ಲ. ಆ ರಸ್ತೆಯಲ್ಲೇ ಮನೆ ಇರುವವರು, ಮನೆಯೊಳಗೆ ಗಾಡಿ ನಿಲ್ಲಿಸಲು ಜಾಗ ಇಲ್ಲದವರು ಇದ್ದಾರೆ. ಅವರಿಗೆ ಒಂದು ಗಾಡಿಗೆ ವರ್ಷದ ಪಾಸ್ ಕೊಡಬೇಕು, ಹಿಂದಿನ ಗಲ್ಲಿಯಲ್ಲಿ.

ಯಾವಾಗ ಶುರು ಮಾಡಬೇಕು ಅಂತ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು, ದೀಪಾವಳಿ ಕಳೆಯಲಿ, ಹಬ್ಬದ ವ್ಯಾಪಾರಕ್ಕೆ ತೊಂದರೆ ಬೇಡ ಅಂದರು. ನನ್ನ ಸಲಹೆ ಅದಕ್ಕೆ ಉಲ್ಟಾ. ಗಣಪತಿ ಹಬ್ಬ ಮುಗಿದ ಕೂಡಲೇ ಶುರು ಮಾಡಿ. ದಸರಾವರೆಗೆ ಜನಕ್ಕೆ ರೂಢಿಯಾಗುತ್ತದೆ, ಕಾಯುವವರಿಗೂ ಕೈ ಪಳಗುತ್ತದೆ. ಆಮೇಲೆ ದೀಪಾವಳಿ ಜನಸಂದಣಿ ಬರುತ್ತದೆ. ಜಾಗ ಅತಿ ಹೆಚ್ಚು ಬೇಕಾದ ಹದಿನೈದು ದಿನ ಅದು. ಆಗ ದರ ತೆಗೆದರೆ ಮೊದಲು ಬಂದವರು ಹಿಡಿದು ಕೂರುತ್ತಾರೆ, ಗಿರಾಕಿ ಸುತ್ತುತ್ತಾ ಇರುತ್ತಾನೆ. ಶುರು ಮಾಡುವ ಮುಂಚೆ ಒಂದು ವಾರ ನೋಟ್‌ಬುಕ್ ಲೆಕ್ಕ ಆಗಲೇಬೇಕು, ಇಲ್ಲದಿದ್ದರೆ ಆಮೇಲೆ ಏನು ಬದಲಾಯಿತು ಅಂತ ಹೇಳುವುದಕ್ಕೆ ಆಗುವುದಿಲ್ಲ. ಜೊತೆಗೆ ನೀವು ನಿಮ್ಮ ಅಂಗಡಿಯ ದಿನದ ಬಿಲ್ಲುಗಳ ಸಂಖ್ಯೆ ಬರೆದಿಡಿ, ಮೊತ್ತ ಯಾರಿಗೂ ತೋರಿಸಬೇಕಿಲ್ಲ. ಈ ವರ್ಷದ ಕಳೆದ ತಿಂಗಳುಗಳದ್ದು, ಹೋದ ವರ್ಷ ಇದೇ ಹೊತ್ತಿನದ್ದು, ಪ್ರಯೋಗದ ಮೂರು ತಿಂಗಳದ್ದು. ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಡಿಸೆಂಬರ್‌ನಲ್ಲಿ ಇದೇ ಹಾಲ್‌ನಲ್ಲಿ ಸೇರೋಣ. ಬಿಲ್ಲುಗಳ ಸಂಖ್ಯೆ ಇಳಿದಿದ್ದರೆ ದರ ಬದಲಿಸಬೇಕಾ, ಹೊತ್ತು ಬದಲಿಸಬೇಕಾ, ನಿಲ್ಲಿಸಿಬಿಡಬೇಕಾ ಅನ್ನುವುದನ್ನು ಆ ರಸ್ತೆಯ ವ್ಯಾಪಾರಸ್ಥರೇ ತೀರ್ಮಾನ ಮಾಡಲಿ.